ಬಿಷಪರೆದುರು ಹೆಬ್ಬಾತು

ಮೆಲ್ಬರ್ನಿನ ಕನ್ನಡ ಕೂಟಗಳಲ್ಲಿ ಹೊಸಬರು ಯಾರಾದರೂ "ಆಂಟಿ, ನೀವು ಏನ್ ಟೀಚ್ ಮಾಡ್ತಿದ್ರಿ?" ಎಂದು ಕೇಳಿದರೆ ನಾನು "ಲ್ಯಾಟಿನ್" ಎನ್ನುತ್ತೇನೆ. ಕೇಳಿದವರ ಕಣ್ಣು ನನ್ನ ಮುಖದಿಂದ ಇಳಿದು ಸೊಂಟಕ್ಕೆ ಬಂದು, ಅಲ್ಲಿಂದ ಮೊಣಕಾಲಿಗೆ ಹೋಗಿ ನಿಲ್ಲುತ್ತದೆ. ಒಮ್ಮೆ ಒಬ್ಬ ಹುಡುಗ ಬಹಳ ಗೌರವದಿಂದ, "ಈ ಏಜಲ್ಲೂ ಡ್ಯಾನ್ಸ್ ಕ್ಲಾಸ್ ನಡೆಸ್ತಿದ್ರಾ? ಗ್ರೇಟ್ ಆಂಟಿ" ಎಂದ. ನಾನು ತಿದ್ದಲಿಲ್ಲ. ಪಕ್ಕದಲ್ಲಿದ್ದ ನನ್ನ ಗಂಡ ಜಗದೀಶರು ಆ ದಿನವೆಲ್ಲ ನನ್ನನ್ನು ನೋಡಿ ನಗುತ್ತಿದ್ದರು.

ಈಚೆಗೆ ಶಾಲೆಯಲ್ಲಿ ಭಾಷಾ ಶಿಕ್ಷಕಿಯಾಗಿ ಸೇರಿರುವ ನಮ್ಮ ಕಡೆಯ ಹುಡುಗಿಯೊಬ್ಬಳು, "ಕೆಲ್ಸ ನಿಜವಾಗಿ ಹೇಗಿರುತ್ತೆ ಅಂತ ಬರ್ದುಕೊಡಿ ವಾರಿಜಾ ಆಂಟಿ" ಎಂದು ಕೇಳಿದ್ದಳು. ಪಾಠದ ಯೋಜನೆ, ಮೌಲ್ಯಮಾಪನ, ಪೋಷಕರೊಡನೆ ಮಾತಾಡುವ ಕ್ರಮ, ಇವೆಲ್ಲ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಹೆಬ್ಬಾತಿನ ವಿಷಯ ಯಾರೂ ಹೇಳಿಕೊಡುವುದಿಲ್ಲ. ಆದ್ದರಿಂದ ನಾನು ಅದನ್ನೇ ಬರೆಯುತ್ತೇನೆ.

ಮೂಲ್ಕಿಯ ಶೆಟ್ಟರ ಮನೆಯ ಹುಡುಗಿಗೆ ಲ್ಯಾಟಿನ್ ಹೇಗೆ ಬಂತು ಎಂದು ಎಲ್ಲರೂ ಕೇಳುತ್ತಾರೆ. ಮಂಗಳೂರಿನಲ್ಲಿ ಕಾಲೇಜಿಗೆ ಸೇರಲು ಹೋದಾಗ ಸಂಸ್ಕೃತದ ತರಗತಿ ಭರ್ತಿಯಾಗಿತ್ತು. ಖಾಲಿ ಇದ್ದದ್ದು ಲ್ಯಾಟಿನ್ ಒಂದೇ. ಅಷ್ಟೇ ಕಾರಣ. ಪಾಠ ಮಾಡುತ್ತಿದ್ದವರು ಇಟಲಿಯಿಂದ ಬಂದು ನಮ್ಮ ಊರಲ್ಲೇ ಹಣ್ಣಾಗಿದ್ದ ಒಬ್ಬ ಪಾದ್ರಿ. ಅವರು ತುಳು ಮಾತಾಡುತ್ತಿದ್ದರು. ಆ ತುಳುವಿನಲ್ಲಿ ಒಂದು ಕ್ರಿಯಾಪದವೂ ನೆಟ್ಟಗಿರುತ್ತಿರಲಿಲ್ಲ. ಆದರೆ ಲ್ಯಾಟಿನ್ನಿನ ವಿಭಕ್ತಿ ಒಂದು ತಪ್ಪಿದರೂ ಅವರಿಗೆ ಹಲ್ಲುನೋವು ಬಂದವರ ಹಾಗೆ ಆಗುತ್ತಿತ್ತು. ಕನ್ನಡದಲ್ಲಿ ಪ್ರಥಮಾ, ದ್ವಿತೀಯಾ ಎಂದು ಬಾಯಿಪಾಠ ಮಾಡಿದ್ದ ನನಗೆ ಅದೇನೂ ಕಷ್ಟವೆನಿಸಲಿಲ್ಲ. ಕಷ್ಟವಾದದ್ದು ಅಪ್ಪನಿಗೆ. "ಲ್ಯಾಟಿನ್ ಕಲ್ತು ಎಂತ, ಪಾದ್ರಿ ಆಗ್ಲಿಕ್ಕುಂಟಾ ನಿನಿಗೆ?" ಎಂದು ಅವರು ಊಟದ ಹೊತ್ತಿಗೆಲ್ಲ ಕೇಳುತ್ತಿದ್ದರು.

ಮದುವೆಯಾಗಿ ಮೆಲ್ಬರ್ನಿಗೆ ಬಂದೆ. ಜಗದೀಶರಿಗೆ ಗೋದಾಮೊಂದರಲ್ಲಿ ಮ್ಯಾನೇಜರ್ ಕೆಲಸ, ಮನೆ ಕ್ರಾನ್‌ಬರ್ನ್ ಕಡೆ. ಅಲ್ಲಿಯ ಒಂದು ಕೆಥೊಲಿಕ್ ಶಾಲೆಗೆ ನಾನು ಗಣಿತದ ಟೀಚರ್ ಆಗಲು ಅರ್ಜಿ ಹಾಕಿದೆ. ಪ್ರಿನ್ಸಿಪಾಲ್ ಡೆಸ್ಮಂಡ್ ಹಿಂದೆ ಫುಟ್ಬಾಲ್ ಕೋಚ್ ಆಗಿದ್ದವರು. ಅವರ ಕತ್ತೂ ತಲೆಯೂ ಒಂದೇ ಅಗಲ. ಅರ್ಜಿಯ ಮೇಲೆ ಬೆರಳಿಟ್ಟು, "ಇಲ್ಲಿ ಲ್ಯಾಟಿನ್ ಅಂತಿದೆ. ಟೈಪಿಂಗ್ ತಪ್ಪಾ?" ಎಂದರು.

"ಅಲ್ಲ, ಓದಿದ್ದೇನೆ."

"ಹಾಗಾದರೆ ಒಂದು ವಾಕ್ಯ ಹೇಳಿ."

ರೈತನು ಹುಡುಗಿಗೆ ಗುಲಾಬಿ ಕೊಡುತ್ತಾನೆ ಎಂಬ ಮೊದಲ ಪಾಠದ ವಾಕ್ಯವನ್ನು ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಸೋಮವಾರ ಬರ್ತೀರಾ?" ಎಂದರು. ಹಳೆಯ ಲ್ಯಾಟಿನ್ ಮೇಷ್ಟ್ರು ನಿವೃತ್ತರಾದ ಮೇಲೆ ಆ ತರಗತಿಯನ್ನು ವ್ಯಾಯಾಮದ ಟೀಚರ್ ನೋಡಿಕೊಳ್ಳುತ್ತಿದ್ದರಂತೆ. ಆತ ಮಕ್ಕಳಿಗೆ ರೋಮನ್ನರ ಕತ್ತಿ ಕಾಳಗದ ಸಿನಿಮಾ ಹಾಕಿ ಕೂರಿಸುತ್ತಿದ್ದ. ಹಾಗಾಗಿ ನಾನು ಹೋದಾಗ ಮಕ್ಕಳಿಗೆ ಲ್ಯಾಟಿನ್ನಿನ ಒಂದು ಪದವೂ ಗೊತ್ತಿರಲಿಲ್ಲ. ಆದರೆ ಸಾಯುವುದನ್ನು ಎಲ್ಲರೂ ಬಹಳ ಚೆನ್ನಾಗಿ ಕಲಿತಿದ್ದರು.

ಮೇಲಧಿಕಾರಿಗಳ ಬಗ್ಗೆ ಒಂದು ಮಾತು. ಡೆಸ್ಮಂಡ್ ಕೆಟ್ಟವರಲ್ಲ, ಆದರೆ ಲ್ಯಾಟಿನ್ ಎಂದರೇನೆಂದು ಅವರಿಗೆ ಕೊನೆಯವರೆಗೂ ಖಚಿತವಾಗಲಿಲ್ಲ. ಒಂದು ವರ್ಷ ಎಲ್ಲ ಭಾಷಾ ಶಿಕ್ಷಕರಿಗೂ ವಿದ್ಯಾರ್ಥಿ ವಿನಿಮಯದ ಯೋಜನೆ ಕೇಳಿದರು. ಫ್ರೆಂಚಿನವರು ಫ್ರಾನ್ಸ್ ಎಂದು ಬರೆದರು, ಜಪಾನಿಯವರು ಜಪಾನ್ ಎಂದರು. ನನ್ನದು ಖಾಲಿ ಇದ್ದದ್ದು ನೋಡಿ ಅವರಿಗೆ ಬೇಸರವಾಯಿತು. "ಆ ಭಾಷೆ ಮಾತಾಡೋ ಮನೆಯವರು ಎಲ್ಲಾದರೂ ಇರಲೇಬೇಕಲ್ಲ ಮಿಸೆಸ್ ಶೆಟ್ಟಿ?"

"ಎಲ್ಲರೂ ತೀರಿಕೊಂಡಿದ್ದಾರೆ" ಎಂದೆ.

ಅವರು ಎದ್ದು ನಿಂತು, ಮೆಲ್ಲಗೆ "ಸಾರಿ" ಎಂದರು.

ಪಾಠದ ಕ್ರಮವೂ ನನ್ನ ಕಣ್ಣೆದುರೇ ಮೂರು ಸಲ ತಿರುಗಿತು. ಮೊದಲು ರೂಪಾವಳಿಯನ್ನು ರಾಗವಾಗಿ ಹೇಳಿಸುವುದು ಸರಿ ಎಂದರು. ಆಮೇಲೆ ವ್ಯಾಕರಣವನ್ನೇ ಹೇಳಬೇಡಿ, ಮಕ್ಕಳು ತಾವೇ ಕಂಡುಕೊಳ್ಳಲಿ ಎಂದರು. ಆಮೇಲೆ ಗೋಡೆಗೆ ಸ್ಮಾರ್ಟ್ ಬೋರ್ಡ್ ಬಂತು. ಅದು ನಾನು ಬರೆದ ಲ್ಯಾಟಿನ್ ಪದಗಳನ್ನೆಲ್ಲ ತಪ್ಪು ಇಂಗ್ಲಿಷ್ ಎಂದು ತಿಳಿದು ತಾನೇ ತಿದ್ದಿಬಿಡುತ್ತಿತ್ತು. ನಾನು ಸೀಮೆಸುಣ್ಣವನ್ನು ಕೈಚೀಲದಲ್ಲಿ ಅಡಗಿಸಿಟ್ಟುಕೊಂಡು ಪಾಠ ಮಾಡಿದೆ.

ಇಷ್ಟಾದರೂ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಒಂದು ಬೆಳಿಗ್ಗೆ ಡೆಸ್ಮಂಡ್ ಅಳತೆಯ ಟೇಪು ಹಿಡಿದು ನನ್ನ ತರಗತಿಗೆ ಬಂದರು. ಆ ಕೋಣೆಯಲ್ಲಿ ಭಾರ ಎತ್ತುವ ಸಲಕರಣೆಗಳನ್ನು ಇಡುವುದೆಂದು ಆಡಳಿತ ಮಂಡಳಿ ಯೋಚಿಸಿತ್ತು. ಅಲ್ಲಿಗೆ ಲ್ಯಾಟಿನ್ ಮುಗಿಯುತ್ತಿತ್ತು, ನನ್ನ ಕೆಲಸವೂ. ಮನೆಸಾಲದ ಮಾರ್ಟ್‌ಗೇಜ್ ಇನ್ನೂ ಅರ್ಧ ದಾರಿಯಲ್ಲಿದ್ದ ಕಾಲ ಅದು.

"ಹೊಸ ಹಾಲ್ ಆಶೀರ್ವದಿಸಲು ಬಿಷಪ್ ಬರ್ತಾರೆ" ಎಂದರು ಡೆಸ್ಮಂಡ್, ಗೋಡೆಯ ಅಳತೆ ತೆಗೆಯುತ್ತಲೇ. "ಅವರಿಗೆ ಇಷ್ಟವಾಗುವಂಥದ್ದು ಏನಾದರೂ ಮಾಡಿ. ಅವರು ಒಂದು ಮಾತು ಹೇಳಿದರೆ ಮಂಡಳಿ ಕೇಳಬಹುದು."

ಇದಾಗುವ ಹೊತ್ತಿಗೆ ನಾನು ಶಿಕ್ಷಕರ ಶಿಬಿರವೊಂದರಲ್ಲಿ ಡಾಕ್ಟರ್ ಹಿಲರಿ ಎಂಬ ವಿದ್ವಾಂಸೆಯ ಭಾಷಣ ಕೇಳಿದ್ದೆ. ಮೆಲ್ಬರ್ನಿನವರು, ಬಡಕಲು ದೇಹ, ಗಟ್ಟಿ ಕಂಠ. ಪುನರುಜ್ಜೀವನ ಕಾಲದ ಯುರೋಪಿನಲ್ಲಿ ಹಳೆಯ ಗ್ರೀಕ್, ಲ್ಯಾಟಿನ್ ವಿದ್ಯೆಯನ್ನು ಎತ್ತಿ ನಿಲ್ಲಿಸಿದ ಮಾನವತಾವಾದಿ ಪಂಡಿತರ ಬಗ್ಗೆ ಅವರು ಆಯುಷ್ಯವಿಡೀ ಕೆಲಸ ಮಾಡಿದ್ದರು. ಆ ಪಂಡಿತರಿಗೆ ಹೊಟ್ಟೆಪಾಡು ಇರುತ್ತಿದ್ದದ್ದು ರಾಜರ ಮತ್ತು ಬಿಷಪರ ಆಸ್ಥಾನಗಳಲ್ಲಿ. ಬಿಷಪರು ಅವರನ್ನು ಮೇಷ್ಟ್ರಾಗಿ ಇಟ್ಟುಕೊಳ್ಳುತ್ತಿದ್ದರು. ಮೇಷ್ಟ್ರು ಹುಡುಗರಿಗೆ ಲ್ಯಾಟಿನ್ ಮಾತು ಬರಲಿ ಎಂದು ನಾಟಕ ಬರೆದು, ಹಬ್ಬದ ದಿನ ಬಿಷಪರ ಊಟದ ಮನೆಯಲ್ಲಿ ಆಡಿಸುತ್ತಿದ್ದರು. ಬಿಷಪರು ನಕ್ಕರೆ ಮೇಷ್ಟ್ರಿಗೆ ಮುಂದಿನ ವರ್ಷವೂ ಊಟ. ನಗದಿದ್ದರೆ ಬೇರೆ ಊರು.

ಅಂಥ ಒಬ್ಬ ಹೆಸರು ತಿಳಿಯದ ಮೇಷ್ಟ್ರ ನಾಟಕವೊಂದನ್ನು ಹಿಲರಿ ಸಂಪಾದಿಸಿದ್ದರು. ಕತೆ ಸರಳ. ಸೋಮಾರಿ ಹುಡುಗನೊಬ್ಬ ತನ್ನ ವ್ಯಾಕರಣದ ಪುಸ್ತಕವನ್ನು ಸಂತೆಯಲ್ಲಿ ಮಾರಿ, ಅದರ ಬದಲಿಗೆ ಸಿಕ್ಕಿದ್ದನ್ನು ಹೊತ್ತು ಛತ್ರದ ಯಜಮಾನನ ಬಳಿ ಬರುತ್ತಾನೆ. ಅವನು ಏನನ್ನು ತಂದ ಎಂಬುದೇ ವಿದ್ವಾಂಸರ ಜಗಳದ ಮೂಲ. ಹಸ್ತಪ್ರತಿಯಲ್ಲಿ ಇದ್ದದ್ದು ಇಷ್ಟೇ: "ಆನ್ಸರ್ ಪ್ರವೇಶ."

ಲ್ಯಾಟಿನ್ನಿನಲ್ಲಿ ಆನ್ಸರ್ ಎಂದರೆ ಹೆಬ್ಬಾತು. ನಮ್ಮ ಹಂಸ ಎಂಬ ಪದಕ್ಕೆ ಅದು ಒಡಹುಟ್ಟು. ಹಾಗಾಗಿ ರಂಗದ ಮೇಲೆ ಜೀವಂತ ಹೆಬ್ಬಾತು ಬಂತು ಎಂಬುದು ಹಿಲರಿಯ ವಾದ. ಸಿಡ್ನಿಯಲ್ಲಿ ಪ್ರೊಫೆಸರ್ ಲಯನೆಲ್ ಎಂಬವರಿದ್ದರು. ಅವರ ಪ್ರಕಾರ ಇದು ಶುದ್ಧ ಮೂರ್ಖತನ. ಆ ಕಾಲದ ಪಂಡಿತರು ತಮ್ಮ ಮನೆತನದ ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿಕೊಳ್ಳುತ್ತಿದ್ದರು. ಜರ್ಮನ್ನಿನಲ್ಲಿ ಗಾನ್ಸ್ ಎಂದರೂ ಹೆಬ್ಬಾತೇ, ಆ ಹೆಸರಿನ ಮನೆತನಗಳೂ ಇವೆ. ಆದ್ದರಿಂದ ಆನ್ಸರ್ ಎಂಬುವನು ಗಾನ್ಸ್ ಮನೆಯ ಒಬ್ಬ ದಪ್ಪ ಹುಡುಗ, ಉಳಿದವರು ಅವನನ್ನು ಗೇಲಿ ಮಾಡುತ್ತಾರೆ, ಅಷ್ಟೇ. ಇಬ್ಬರೂ ಈ ಒಂದು ಪದಕ್ಕಾಗಿ ಎಷ್ಟೋ ಲೇಖನ ಬರೆದಿದ್ದರು. ಒಂದೇ ಸಭೆಗೆ ಇಬ್ಬರನ್ನೂ ಯಾರೂ ಕರೆಯುತ್ತಿರಲಿಲ್ಲ.

ನಾನು ನಾಟಕ ಕೇಳಿದಾಗ ಹಿಲರಿ ಸಂತೋಷದಿಂದ ಕೊಟ್ಟರು. ಒಂದೇ ಷರತ್ತು. "ಹೆಬ್ಬಾತು ಜೀವಂತ ಇರಬೇಕು."

ಶಾಲೆಯಲ್ಲಿ ತಾಲೀಮು ಶುರುವಾಯಿತು. ಸೋಮಾರಿ ಹುಡುಗನ ಪಾತ್ರ ನನ್ನ ವಿದ್ಯಾರ್ಥಿನಿ ಕೃತಿಕಾಳದ್ದು. ಅವಳ ಅಪ್ಪ ಗಿರೀಶ್ ಬೆಂಗಳೂರಿನಿಂದ ಬಂದವರು, ಐಟಿ ಕೆಲಸ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆದರೆ ಲ್ಯಾಟಿನ್ನಿನ ಹ್ರಸ್ವ ದೀರ್ಘಗಳು ಅವಳ ಬಾಯಲ್ಲಿ ತಾವಾಗಿ ಸರಿಯಾಗುತ್ತಿದ್ದವು. ಗಿರೀಶ್ ಒಂದು ದಿನ ನನಗೆ ಫೋನ್ ಮಾಡಿದರು.

"ಮೇಡಂ, ಮಗಳು ಮನೇಲಿ ಇಡೀ ದಿನ ಆನ್ಸರ್ ಎಲ್ಲಿ, ಆನ್ಸರ್ ಎಲ್ಲಿ ಅಂತಾಳೆ. ಕ್ವೆಶ್ಚನ್ ಏನು ಅಂದ್ರೆ ಹೇಳಲ್ಲ. ಮ್ಯಾಥ್ಸಲ್ಲಿ ಏನಾದ್ರೂ ಪ್ರಾಬ್ಲಮ್ಮಾ?"

ಹೆಬ್ಬಾತನ್ನು ತರುವ ಕೆಲಸ ಜಗದೀಶರ ಪಾಲಿಗೆ ಬಂತು. ಹತ್ತಿರದ ಹೊಲದ ಮನೆಯೊಂದರಿಂದ ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದರು. ಇಳಿದವರ ಕಿವಿಯಲ್ಲಿ ಗೀರು ಇತ್ತು.

"ಇದು ಎಂತ ಮಾರಾಯ್ತಿ, ಬಾತು ಅಲ್ಲ, ಪೊಲೀಸು. ಬ್ರೇಕ್ ಹಾಕಿದಲ್ಲೆಲ್ಲ ಕುಟ್ಟಿದೆ."

ಆಗ ಮೆಲ್ಬರ್ನಿನಲ್ಲಿ ಮಳೆಯಿಲ್ಲ, ನೀರಿನ ನಿರ್ಬಂಧ. ಹೂಗಿಡಕ್ಕೆ ಪೈಪು ಹಿಡಿದರೂ ಅಕ್ಕಪಕ್ಕದವರು ಬೇಲಿಯಾಚೆ ಇಣುಕುತ್ತಿದ್ದರು. ನಾವಾದರೋ ಹಿತ್ತಿಲಲ್ಲಿ ಮಕ್ಕಳ ಪ್ಲಾಸ್ಟಿಕ್ ತೊಟ್ಟಿ ತುಂಬಿಸಿ ಹೆಬ್ಬಾತಿಗೆ ಸ್ನಾನ ಮಾಡಿಸುತ್ತಿದ್ದೆವು. ಪಕ್ಕದ ಮನೆಯ ಮುದುಕ ಬಂದು ಬಾಗಿಲು ತಟ್ಟಿ ಕಾರಣ ಕೇಳಿದ. "ಬಿಷಪರಿಗಾಗಿ" ಎಂದರು ಜಗದೀಶರು. ಆತ ಹೆಬ್ಬಾತನ್ನೂ ಜಗದೀಶರನ್ನೂ ನೋಡಿ, ಊಟಕ್ಕೆಂದು ತಿಳಿದುಕೊಂಡು, ತನ್ನ ಹಿತ್ತಿಲಿನಿಂದ ಮಾಂಸದಡುಗೆಗೆ ಹಾಕುವ ರೋಸ್ಮರಿ ಸೊಪ್ಪು ಕಿತ್ತು ತಂದುಕೊಟ್ಟ.

ನಮ್ಮವರಲ್ಲಿ ಸುದ್ದಿ ಬೇರೆ ರೂಪ ತಾಳಿತು. ಆನ್ಸರ್ ಎಂದರೆ ಹಂಸ ಎಂದು ನಾನು ತರಗತಿಯಲ್ಲಿ ಹೇಳಿದ್ದು ಕೃತಿಕಾಳ ಅಜ್ಜಿಯ ಕಿವಿಗೆ ಮುಟ್ಟಿತು. ದಾವಣಗೆರೆಯಿಂದ ಮಗನ ಮನೆಗೆ ಬಂದಿದ್ದ ಆ ಹಿರಿಯರು ಪೂಜೆಯ ತಟ್ಟೆ ಹಿಡಿದು ನಮ್ಮಲ್ಲಿಗೆ ಬಂದರು. "ಸರಸ್ವತಿ ವಾಹನ ಐತಂತಲ್ಲ ನಿಮ್ಮನ್ಯಾಗ, ತೋರ್ಸವ್ವ" ಎಂದರು. ನನ್ನನ್ನೂ ಜಗದೀಶರನ್ನೂ ಹತ್ತಿರ ಸೇರಿಸದ ಆ ಪ್ರಾಣಿ, ಅಜ್ಜಿಯ ಮುಂದೆ ಕತ್ತು ಬಗ್ಗಿಸಿ ನಿಂತು ಕುಂಕುಮ ಇಡಿಸಿಕೊಂಡಿತು. ಬೆಳ್ಳಗಿನ ತಲೆಯ ಮೇಲೆ ಆ ಕೆಂಪು ಎಷ್ಟು ತೊಳೆದರೂ ಹೋಗಲಿಲ್ಲ.

ನಾಟಕದ ಮುನ್ನಾದಿನ ಲಯನೆಲ್ ಅವರಿಂದ ಇ-ಮೇಲ್ ಬಂತು. ತಾವು ಸಿಡ್ನಿಯಿಂದ ಬರುತ್ತಿರುವುದಾಗಿಯೂ, ಹೆಬ್ಬಾತು ಕಂಡುಬಂದಲ್ಲಿ ಎದ್ದು ನಿಂತು ಆಕ್ಷೇಪಿಸುವುದಾಗಿಯೂ ಬರೆದಿದ್ದರು. ಡೆಸ್ಮಂಡರಿಗೆ ತೋರಿಸಿದೆ. ಓದಿ, "ಈ ಮನುಷ್ಯನಿಗೆ ಹಕ್ಕಿ ಅಂದ್ರೆ ಅಲರ್ಜಿಯಾ?" ಎಂದರು.

ಹಾಲ್ ತುಂಬಿತ್ತು. ಬಿಷಪ್ ಮುಂದಿನ ಸಾಲಿನ ನಡುವೆ ಕೂತಿದ್ದರು. ಗುಂಡು ಮುಖದ, ಸುಸ್ತಾದಂತೆ ಕಾಣುವ ಮನುಷ್ಯ. ಮಡಿಲಲ್ಲಿ ಕೇಕಿನ ತಟ್ಟೆ. ಎರಡನೆಯ ಸಾಲಿನಲ್ಲಿ ಹಿಲರಿ ಒಂದು ಕಡೆ, ಲಯನೆಲ್ ಒಂದು ಕಡೆ, ನಡುವೆ ನಾನು. ಲಯನೆಲ್ ಎತ್ತರದ ಆಳು, ಕುತ್ತಿಗೆಗೆ ರೇಷ್ಮೆಯ ಸ್ಕಾರ್ಫ್. ಇಬ್ಬರೂ ನನ್ನ ಮೂಲಕವೇ ಒಬ್ಬರನ್ನೊಬ್ಬರು ಕುಶಲ ವಿಚಾರಿಸಿದರು.

ಮೊದಲ ಭಾಗ ಚೆನ್ನಾಗಿ ಹೋಯಿತು. ಯಾರಿಗೂ ಏನೂ ಅರ್ಥವಾಗಲಿಲ್ಲ, ಆದರೆ ಮಕ್ಕಳು ಜೋರಾಗಿ ಮಾತಾಡಿದರು. ಕೃತಿಕಾ ಪುಸ್ತಕ ಮಾರಿ ಒಳಗೆ ಹೋದಳು. ಹೆಬ್ಬಾತಿನ ಹಗ್ಗ ಹಿಡಿದು ಹೊರಗೆ ಬಂದಳು. ಲಯನೆಲ್ ತಕ್ಷಣ ಎದ್ದು ನಿಂತರು. ಆಕ್ಷೇಪವನ್ನು ಅವರು ಲ್ಯಾಟಿನ್ನಿನಲ್ಲೇ ಸಿದ್ಧಪಡಿಸಿಕೊಂಡು ಬಂದಿದ್ದರು. ಇದು ಹೆಬ್ಬಾತಲ್ಲ, ಮನುಷ್ಯ, ಎಂದು ಕೈಯೆತ್ತಿ ಘೋಷಿಸಿದರು. ಹಿಲರಿ ಕೂಡಲೇ ಎದ್ದು, ಅದೇ ಭಾಷೆಯಲ್ಲಿ, ಇಲ್ಲಿ ಹೆಬ್ಬಾತು ಯಾರೆಂದು ಸಭೆಗೆ ಕಾಣುತ್ತಿದೆ ಎಂದರು. ಪ್ರೇಕ್ಷಕರು ಇದೂ ನಾಟಕವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಹೆಬ್ಬಾತಿಗೆ ಎತ್ತಿದ ಕೈ ಹಿಡಿಸಲಿಲ್ಲ. ಕೃತಿಕಾಳ ಕೈಯಿಂದ ಹಗ್ಗ ಕಿತ್ತುಕೊಂಡು ಮೆಟ್ಟಿಲಿಳಿದು ನೇರವಾಗಿ ಲಯನೆಲ್ ಕಡೆ ಓಡಿತು. ಅವರು ಕುರ್ಚಿ ಹತ್ತಿದರು. ಅದು ಸ್ಕಾರ್ಫಿನ ತುದಿ ಹಿಡಿದು ಎಳೆಯಿತು. ಅವರು ಕೂಗಿಕೊಂಡದ್ದು ಮಾತ್ರ ಲ್ಯಾಟಿನ್ನಿನಲ್ಲಿ ಅಲ್ಲ. ಹಾಲ್ ಬಿದ್ದು ಬಿದ್ದು ನಗುತ್ತಿತ್ತು. ನನಗೆ ಮಾತ್ರ ಗೋಡೆಯ ಅಳತೆ ಹಿಡಿದ ಟೇಪು ಕಣ್ಣೆದುರು ಬರುತ್ತಿತ್ತು.

ಹೆಬ್ಬಾತು ಸ್ಕಾರ್ಫ್ ಬಿಟ್ಟು ತಿರುಗಿ ಬಿಷಪರ ಎದುರು ಬಂದು ನಿಂತಿತು. ಡೆಸ್ಮಂಡ್ ಅಡ್ಡ ಹಾರಲು ಸಿದ್ಧರಾದರು. ಬಿಷಪ್ ಅದರ ಹಣೆಯ ಕೆಂಪು ನೋಡಿ, "ಪಾಪ, ಗಾಯವಾಗಿದೆ" ಎಂದು ತಟ್ಟೆಯಿಂದ ಕೇಕ್ ಮುರಿದು ಕೈಯಲ್ಲೇ ತಿನ್ನಿಸಿದರು. ಅದು ತಿಂದಿತು. ಹಿಲರಿ ನನ್ನ ತೋಳು ಹಿಂಡಿ, "ನೋಡಿ! ಬಿಷಪ್ ತಿನ್ನಿಸ್ತಿದ್ದಾರೆ! ಇದೇ ಸಾಕ್ಷಿ!" ಎಂದರು. ಕುರ್ಚಿಯ ಮೇಲಿನಿಂದ ಲಯನೆಲ್, "ಇದು ಸಾಕ್ಷಿಯಲ್ಲ, ಕೇಕ್" ಎಂದರು.

ಅಷ್ಟರಲ್ಲಿ ಕೃತಿಕಾ ಇಳಿದುಬಂದು ಹಗ್ಗ ಹಿಡಿದುಕೊಂಡಳು. ಬಿಷಪ್ ಅವಳನ್ನು ನೋಡಿ, ಯಾವುದೋ ಕಾಲದಲ್ಲಿ ಕಲಿತದ್ದನ್ನು ನೆನಪಿಸಿಕೊಂಡು, ತಡವರಿಸುತ್ತ ಲ್ಯಾಟಿನ್ನಿನಲ್ಲಿ ಕೇಳಿದರು. ಹೆದರಿಕೆಯಾಗಲಿಲ್ಲವೇ, ಎಂದು. ಇದು ನಾಟಕದಲ್ಲಿರಲಿಲ್ಲ. ಕೃತಿಕಾ ಒಂದು ಕ್ಷಣ ಯೋಚಿಸಿದಳು.

"ಆನ್ಸರ್ ತಿಮೆತ್. ಎಗೊ ನೋನ್."

ಹೆಬ್ಬಾತಿಗೆ ಹೆದರಿಕೆ. ನನಗಿಲ್ಲ.

ಅಷ್ಟು ವರ್ಷ ಪಾಠ ಮಾಡಿದ್ದೆ. ನನ್ನ ಮಕ್ಕಳು ಲ್ಯಾಟಿನ್ ಓದಿದ್ದರು, ಬರೆದಿದ್ದರು, ಬಾಯಿಪಾಠ ಒಪ್ಪಿಸಿದ್ದರು. ಯಾರೂ ಮಾತಾಡಿರಲಿಲ್ಲ. ಕೇಳಿದ ಪ್ರಶ್ನೆಗೆ ತನ್ನದೇ ಉತ್ತರವನ್ನು ಒಬ್ಬ ಹುಡುಗಿ ಆ ಭಾಷೆಯಲ್ಲಿ ಕೊಟ್ಟದ್ದು ಅದೇ ಮೊದಲು. ನನಗೆ ಕಣ್ಣೀರು ಬಂತು. ಪಕ್ಕದಲ್ಲಿ ಒಬ್ಬರು ಕುರ್ಚಿಯ ಮೇಲೆ ನಿಂತಿದ್ದರಿಂದ ಯಾರೂ ನನ್ನನ್ನು ಗಮನಿಸಲಿಲ್ಲ.

ಬಿಷಪರಿಗೆ ನಾಟಕ ಎಷ್ಟು ಹಿಡಿಸಿತೆಂದರೆ, ಸಿಡ್ನಿಯಲ್ಲಿ ನಡೆಯಲಿದ್ದ ಕೆಥೊಲಿಕ್ ಶಿಕ್ಷಕರ ಸಮಾವೇಶದಲ್ಲೂ ಇದನ್ನು ಆಡಬೇಕೆಂದರು. ಲಯನೆಲ್ ಕೂಡಲೇ ಮುಂದೆ ಬಂದು, ಅಲ್ಲಿ ಅದು ತಮ್ಮ ವಾದದ ಪ್ರಕಾರ, ಹೆಬ್ಬಾತಿಲ್ಲದೆ ನಡೆಯುವುದೆಂದು ಹಟ ಹಿಡಿದು ಒಪ್ಪಿಸಿಕೊಂಡರು. ಆನ್ಸರ್ ಪಾತ್ರಕ್ಕೆ ಲುಕಾ ಎಂಬ ಗುಂಡಗಿನ, ಮೃದು ಸ್ವಭಾವದ ಹುಡುಗನನ್ನು ಆರಿಸಿದೆವು.

ಸಿಡ್ನಿಯಲ್ಲಿ ಮಕ್ಕಳಿಗೆ ಹಾಸ್ಟೆಲ್ ವ್ಯವಸ್ಥೆಯಾಗಿತ್ತು. ನಾನೂ ಜಗದೀಶರೂ ಕೆಲ್ಲಿವಿಲ್‌ನಲ್ಲಿ ಅವರ ತಂಗಿ ಪ್ರಮೀಳಾಳ ಹೊಸ ಮನೆಗೆ ಹೋದೆವು. ಆಕೆ ಎರಡು ಕಾರಿನ ಗ್ಯಾರೇಜಿನಲ್ಲಿ ಒಂದು ಕಾರನ್ನು ರಸ್ತೆಗೆ ತಳ್ಳಿ, ನೆಲ ತೊಳೆದು, ಗೋಣಿ ಹಾಸಿ, ಬಕೆಟಿನಲ್ಲಿ ನೀರಿಟ್ಟು ಕಾದಿದ್ದಳು.

"ಎಲ್ಲಿ ಅಣ್ಣ, ನಿಮ್ಮ ಬಾತುಕೋಳಿ?"

"ಈ ಸಲ ಅದಕ್ಕೆ ಪಾರ್ಟ್ ಇಲ್ಲ" ಎಂದರು ಜಗದೀಶರು.

"ಅಯ್ಯೋ, ನಾನು ಆಫೀಸಲ್ಲಿ ಎಲ್ಲರಿಗೂ ಹೇಳಿ ಆಗಿದೆ ಮಾರ್ರೆ!"

ಸಮಾವೇಶದ ರಂಗದಲ್ಲಿ ಲಯನೆಲ್ ಒಂದು ಆಧುನಿಕ ಏರ್ಪಾಟು ಮಾಡಿಸಿದ್ದರು. ಮೇಲೆ ಪರದೆ, ಅದರಲ್ಲಿ ಪ್ರತಿ ಮಾತಿನ ಇಂಗ್ಲಿಷ್ ಅನುವಾದ. ಮೆಲ್ಬರ್ನಿನಲ್ಲಿ ಯಾರಿಗೂ ಅರ್ಥವಾಗದೆ ಉಳಿದದ್ದು ಇಲ್ಲಿ ಎಲ್ಲರಿಗೂ ಅರ್ಥವಾಯಿತು. ಲುಕಾ ಪ್ರವೇಶಿಸಿದ. ಛತ್ರದ ಯಜಮಾನನ ಪಾತ್ರದ ಹುಡುಗಿ ಅವನ ತೋಳು ಹಿಚುಕಿ ನೋಡಿ, "ಒಳ್ಳೇ ಕೊಬ್ಬಿದೆ" ಎಂದಳು. ಪರದೆಯ ಮೇಲೂ ಅದೇ ಬಂತು. "ಇನ್ನು ನಾಲ್ಕು ದಿನ ಮೇಯಿಸಿದರೆ ಹಬ್ಬಕ್ಕೆ ಸಾಕು" ಎಂದಳು. ಸಭೆಯಲ್ಲಿ ಗುಜುಗುಜು. ಅಡುಗೆಯವನು ಚಾಕು ಮಸೆಯುತ್ತ ಬಂದ. "ಕತ್ತು ಹಿಡಿ, ಒದ್ದಾಡದಂತೆ ನೋಡಿಕೊ." ಲುಕಾನಿಗೆ ಮಾತೇ ಇಲ್ಲ. ಅವನು ಪಾತ್ರದಲ್ಲಿ ಮುಳುಗಿ, ದೊಡ್ಡ ಕಣ್ಣು ಬಿಟ್ಟು ಸುಮ್ಮನೆ ನಡುಗುತ್ತ ನಿಂತ.

ಮುಂದಿನ ಸಾಲಿನಲ್ಲಿದ್ದ ವೃದ್ಧ ಸನ್ಯಾಸಿನಿಯೊಬ್ಬರು ಎದ್ದರು. ಕೋಲೂರಿಕೊಂಡು ರಂಗ ಹತ್ತಿದರು. ಲುಕಾನ ಕೈ ಹಿಡಿದು, "ಬಾ ಮಗು" ಎಂದು ಕೆಳಗಿಳಿಸಿ, ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ಪೆಪ್ಪರ್‌ಮಿಂಟ್ ಕೊಟ್ಟರು. ಅವನು ಬಾಯಿಗೆ ಹಾಕಿಕೊಂಡ. ಅಡುಗೆಯವನು ಚಾಕು ಹಿಡಿದು ಬರಿಗಾಳಿಯ ಎದುರು ನಿಂತ. ಉಳಿದ ನಾಟಕವನ್ನು ಮಕ್ಕಳು ಆನ್ಸರ್ ಇಲ್ಲದೆಯೇ ಮುಗಿಸಿದರು. ಕೃತಿಕಾ, ಇಲ್ಲದ ಹಗ್ಗವನ್ನು ಹಿಡಿದು ಇಲ್ಲದ ಹೆಬ್ಬಾತನ್ನು ಎಳೆದಾಡಿದ್ದಕ್ಕೆ ಬಹಳ ಹೊತ್ತು ಚಪ್ಪಾಳೆ ಬಿತ್ತು.

ಹೊರಗೆ ಚಹಾದ ಮೇಜಿನ ಬಳಿ ಲಯನೆಲ್ ನನ್ನ ಹತ್ತಿರ ಬಂದರು. ಮುಖ ಬಿಳಚಿತ್ತು. "ಅದು ಹೆಬ್ಬಾತೇ ಮಿಸೆಸ್ ಶೆಟ್ಟಿ. ಯಾವ ಮೇಷ್ಟ್ರೂ ಮಗುವಿಗೆ ಇಂಥ ಪಾತ್ರ ಕೊಡಲಾರ. ನಾನು ಇಷ್ಟು ವರ್ಷ ಓದಿದ್ದೆ, ನೋಡಿರಲಿಲ್ಲ."

ನಾನು ಓಡಿಹೋಗಿ, ನಾಟಕ ನೋಡಲು ಮೆಲ್ಬರ್ನಿನಿಂದ ಬಂದಿದ್ದ ಹಿಲರಿಯನ್ನು ಹುಡುಕಿದೆ. ಇಂಥ ಸುದ್ದಿ ಹೇಳುವ ಭಾಗ್ಯ ಯಾರಿಗೆ ಸಿಗುತ್ತದೆ? ಆದರೆ ಹಿಲರಿ ನಾನು ಬಾಯಿ ತೆರೆಯುವ ಮೊದಲೇ, "ನಾನು ಯೋಚಿಸ್ತಿದ್ದೆ ವಾರಿಜಾ" ಎಂದರು. "ಅವತ್ತು ಹಾಲ್‌ನಲ್ಲಿ ಆದದ್ದನ್ನು ಕಣ್ಣಾರೆ ಕಂಡ ಮೇಲೆ ನನಗೆ ನಿದ್ದೆಯಿಲ್ಲ. ಬಿಷಪರ ಅನ್ನ ತಿನ್ನುವ ಯಾವ ಮೇಷ್ಟ್ರೂ ಅವರ ಊಟದ ಮನೆಗೆ ಆ ಪ್ರಾಣಿಯನ್ನು ಬಿಡೋದಿಲ್ಲ. ಲಯನೆಲ್ ಹೇಳಿದ್ದೇ ಸರಿ. ಅವನು ಹುಡುಗನೇ."

ಇಬ್ಬರೂ ಪಕ್ಷ ಬದಲಾಯಿಸಿಕೊಂಡು ಜಗಳ ಮುಂದುವರಿಸಿದರು. ಹಿಲರಿಯ ಹಳೆಯ ಲೇಖನಗಳಿಂದ ಲಯನೆಲ್ ಆಧಾರ ಎತ್ತುತ್ತಿದ್ದರು, ಲಯನೆಲ್ ಅವರ ಹಳೆಯ ಲೇಖನಗಳಿಂದ ಹಿಲರಿ.

ಅದೇ ಚಹಾದ ಮೇಜಿನ ಬಳಿ ನನ್ನ ಕತೆಯೂ ತೀರ್ಮಾನವಾಯಿತು. ಸಮಾವೇಶಕ್ಕೆ ಬಂದಿದ್ದ ಬಿಷಪ್ ನನ್ನ ಕೈಕುಲುಕಿ, "ಪಾದ್ರಿಯಾಗಲು ಓದುವಾಗ ಗುರುಮಠದಲ್ಲಿ ಲ್ಯಾಟಿನ್ ಕಲಿತಿದ್ದೆ, ಎಲ್ಲ ಹೋಯಿತು. ಎರಡೂ ಸಲ ನನಗೆ ಲ್ಯಾಟಿನ್ನಿನಲ್ಲೇ ತಿಳಿದದ್ದು ಆ ಹುಡುಗಿ ಹೇಳಿದ ಒಂದು ವಾಕ್ಯ ಮಾತ್ರ" ಎಂದರು. ಮಕ್ಕಳನ್ನು ಕರೆತಂದಿದ್ದ ಡೆಸ್ಮಂಡ್ ಪ್ರಾಮಾಣಿಕ ಮನುಷ್ಯ. ಪಕ್ಕದಲ್ಲೇ ನಿಂತು, ಮುಂದಿನ ವರ್ಷಕ್ಕೆ ಹೆಸರು ಕೊಟ್ಟ ಮಕ್ಕಳು ನಿಯಮಕ್ಕಿಂತ ಒಬ್ಬರು ಕಡಿಮೆ, ಆದ್ದರಿಂದ ಲ್ಯಾಟಿನ್ ನಿಲ್ಲಿಸುತ್ತಿದ್ದೇವೆ ಎಂದು ತಿಳಿಸಿಯೇಬಿಟ್ಟರು.

"ಒಬ್ಬರು ತಾನೇ?" ಎಂದರು ಬಿಷಪ್. "ನನ್ನ ಹೆಸರು ಬರೆದುಕೊಳ್ಳಿ."

ಡೆಸ್ಮಂಡ್ ಜೋರಾಗಿ ನಕ್ಕರು. ಬಿಷಪ್ ನಗಲಿಲ್ಲ. ಡೆಸ್ಮಂಡ್ ಮೆಲ್ಲಗೆ ನಗು ನಿಲ್ಲಿಸಿದರು.

ಹೀಗೆ ಮುಂದಿನ ವರ್ಷ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಬಿಷಪ್ ಕೂತರು. ಪ್ರತಿ ವಾರ ಬರಲಾಗುತ್ತಿರಲಿಲ್ಲ, ಆದರೆ ಬಂದಾಗ ಹೋಮ್‌ವರ್ಕ್ ತರುತ್ತಿದ್ದರು. ಶಾಲೆಯ ಕಂಪ್ಯೂಟರಿಗೆ ಬಿಷಪ್ ಎಂದರೇನೆಂದು ಗೊತ್ತಿರಲಿಲ್ಲ. ಅದು ಅವರಿಗೆ ಲಾಕರ್ ಕೊಟ್ಟಿತು, ಬಸ್ ಪಾಸ್ ಕೊಟ್ಟಿತು, ಕ್ರೀಡಾ ದಿನದ ರಿಲೇ ಓಟಕ್ಕೂ ಸೇರಿಸಿತು. ಪೋಷಕರ ವಿಳಾಸ ತುಂಬದೆ ಅದು ಮುಂದೆ ಹೋಗುತ್ತಲೇ ಇರಲಿಲ್ಲ. ಆಫೀಸಿನಾಕೆ ಸಂಕೋಚದಿಂದ ಕೇಳಿದಾಗ ಬಿಷಪ್, ತಾಯಿ ವೃದ್ಧಾಶ್ರಮದಲ್ಲಿ ಗಟ್ಟಿಮುಟ್ಟಾಗಿದ್ದಾರೆಂದು ಹೇಳಿ ಅವರ ವಿಳಾಸ ಬರೆಸಿದರು.

ಮೊದಲ ಪರೀಕ್ಷೆಯಲ್ಲಿ ಬಿಷಪ್ ಫೇಲಾದರು. ಚತುರ್ಥಿ ವಿಭಕ್ತಿ ಇರಬೇಕಾದಲ್ಲೆಲ್ಲ ದ್ವಿತೀಯಾ, ದ್ವಿತೀಯಾ ಇರಬೇಕಾದಲ್ಲೆಲ್ಲ ಚತುರ್ಥಿ ಹಾಕಿದ್ದರು. ಅವರ ಉತ್ತರದಲ್ಲಿ ರೈತನು ಗುಲಾಬಿಗೆ ಹುಡುಗಿಯನ್ನು ಕೊಡುತ್ತಿದ್ದ. ಡೆಸ್ಮಂಡ್ ನನ್ನ ಬಳಿ ಬಂದು ಬಾಗಿಲು ಮುಚ್ಚಿದರು.

"ಮಿಸೆಸ್ ಶೆಟ್ಟಿ, ಪಾಸ್ ಮಾಡಿಬಿಡಿ. ಇಷ್ಟು ದೊಡ್ಡ ಮನುಷ್ಯ!"

"ಪಾಸ್ ಮಾಡಿದರೆ ಉಳಿದವರೂ ಗುಲಾಬಿಗೆ ಹುಡುಗಿ ಕೊಡ್ತಾರೆ" ಎಂದೆ.

"ನಿಮ್ಮ ಕೆಲಸ ಉಳಿಸಿದ್ದು ಅವರು."

"ಅದಕ್ಕೇ ಅವರಿಗೆ ಸರಿಯಾಗಿ ಕಲಿಸ್ಬೇಕು."

ಪ್ರಗತಿಪತ್ರದಲ್ಲಿ ನಾನು ಬೇರೆ ಮಕ್ಕಳಿಗೆ ಬರೆಯುವಂತೆಯೇ ಬರೆದೆ: ವಿಭಕ್ತಿಗಳ ಕಡೆ ಗಮನ ಸಾಲದು, ಪಕ್ಕದವರೊಡನೆ ಮಾತು ಹೆಚ್ಚು, ಪ್ರಯತ್ನಪಟ್ಟರೆ ಸಾಧ್ಯ. ಡೆಸ್ಮಂಡ್ ಕಣ್ಣು ಮುಚ್ಚಿ ಸಹಿ ಹಾಕಿದರು. ಕಂಪ್ಯೂಟರ್ ಅದನ್ನು ನಿಯಮದಂತೆ ಪೋಷಕರ ವಿಳಾಸಕ್ಕೆ ಕಳಿಸಿತು.

ಒಂದು ವಾರ ನಮಗೆ ಯಾರಿಗೂ ನೆಮ್ಮದಿಯಿರಲಿಲ್ಲ. ಆಮೇಲಿನ ತರಗತಿಗೆ ಬಿಷಪ್ ಬಂದರು. ಉಳಿದ ಮಕ್ಕಳ ಹಿಂದೆ ಸಾಲಿನಲ್ಲಿ ನಿಂತು, ಸರದಿ ಬಂದಾಗ, ಮಡಿಸಿದ ಪ್ರಗತಿಪತ್ರವನ್ನು ತಲೆ ತಗ್ಗಿಸಿ ನನ್ನ ಮೇಜಿನ ಮೇಲೆ ಇಟ್ಟರು. ಪೋಷಕರ ಸಹಿಯ ಜಾಗದಲ್ಲಿ ನಡುಗುವ ಕೈಯ ಅಕ್ಷರಗಳಲ್ಲಿ ಅವರ ತಾಯಿಯ ಹೆಸರಿತ್ತು. ಅದರ ಕೆಳಗೆ ಆಕೆ ಬರೆದಿದ್ದರು:

"ಚಿಕ್ಕಂದಿನಲ್ಲೂ ಹೀಗೇ ಇದ್ದ. ದಯವಿಟ್ಟು ಮುಂದಿನ ಬೆಂಚಿನಲ್ಲಿ ಕೂರಿಸಿ."

ಕೂರಿಸಿದೆ.